ಲಗಮಣ್ಣನ ಮಗಳು ಮತ್ತು ವಾಡೆಯ ಎಮ್ಮೆ

ಒಂದು ಊರು. ಊರಿಗೊಂದು ಕೇರಿ, ಕೇರಿಗೊಂದು ಕೊನೆಯ ಮನೆ. ಆ ಮನೆಯವರನ್ನು ಊರಿನವರು ಜೀವ ಇರುವ ಯಾವುದಕ್ಕೂ ಕರೆಯುತ್ತಿರಲಿಲ್ಲವಂತೆ. ಮದುವೆಗಿಲ್ಲ, ತೊಟ್ಟಿಲಿಗಿಲ್ಲ, ಹಬ್ಬದ ಹೋಳಿಗೆಗಿಲ್ಲ. ಆಕಳು ಸತ್ತರೆ, ಎಮ್ಮೆ ಸತ್ತರೆ, ಎತ್ತು ಸತ್ತರೆ ಮಾತ್ರ ಮೇಲಿನ ಓಣಿಯಿಂದ ಒಬ್ಬ ಆಳು ಬಂದು, ಕೇರಿಯೊಳಗೆ ಕಾಲಿಡದೆ ದೂರವೇ ನಿಂತು ಕೂಗುತ್ತಿದ್ದನಂತೆ, “ಹಗ್ಗಾ ತಗೊಂಡ ಬರ್ರ್ಯೋ!” ಹಗ್ಗ ಹೋಗುತ್ತಿತ್ತು, ಸತ್ತದ್ದು ಬರುತ್ತಿತ್ತು. ಮತ್ತೆ ಹಗ್ಗ ಹೋಗುತ್ತಿತ್ತು, ಮತ್ತೆ ಸತ್ತದ್ದು ಬರುತ್ತಿತ್ತು. ಅಪ್ಪನ ಕಾಲಕ್ಕೂ ಹಾಗೇ, ಅಜ್ಜನ ಕಾಲಕ್ಕೂ ಹಾಗೇ, ಅಜ್ಜನ ಅಜ್ಜನ ಕಾಲಕ್ಕೂ ಹಾಗೇ.

“ಆಮ್ಯಾಲ?” ಎಂದು ಶಾವಂತ್ರಿ ಕೇಳುತ್ತಿದ್ದಳು.

“ಆಮ್ಯಾಲಿಂದು ಇನ್ನಾ ಆಗಿಲ್ಲವಾ,” ಎನ್ನುತ್ತಿದ್ದಳು ಆಯಿ ದುರಗವ್ವ, ಮೊಮ್ಮಗಳ ತಲೆಯಲ್ಲಿ ಹೇನು ಹುಡುಕುತ್ತ. “ಆದಮ್ಯಾಲ ಹೇಳ್ತೀನಿ.”

ಆಯಿಯ ಬೇರೆಲ್ಲ ಕತೆಗಳಿಗೂ ಕೊನೆಯಿತ್ತು. ಏಳು ಸಮುದ್ರದಾಚೆ ಹೋದ ರಾಜಕುಮಾರ ತಿರುಗಿ ಬರುತ್ತಿದ್ದ, ಗಿಣಿಯಾದವಳು ಮತ್ತೆ ಹುಡುಗಿಯಾಗುತ್ತಿದ್ದಳು, ರಾಕ್ಷಸನ ಜೀವ ದುಂಬಿಯೊಳಗೆ ಸಿಗುತ್ತಿತ್ತು. ಇದೊಂದು ಕತೆ ಮಾತ್ರ ಪ್ರತಿಸಲವೂ ಹಗ್ಗದ ಹತ್ತಿರ ಬಂದು ನಿಂತುಬಿಡುತ್ತಿತ್ತು, ನೀರಿಲ್ಲದ ಹೊಳೆಯಲ್ಲಿ ನಿಂತ ದೋಣಿಯ ಹಾಗೆ. ಇದು ಸುಳ್ಳಿನ ಕತೆಯಲ್ಲ, ಇದೇ ಕೆಂಪನಾಳದ್ದು, ಕೊನೆಯ ಮನೆ ಎಂದರೆ ತಾವು ಕುಳಿತ ಈ ಮನೆಯೇ ಎಂಬುದು ಶಾವಂತ್ರಿಗೆ ತಿಳಿದ ದಿನ ಅಪ್ಪ ಲಗಮಣ್ಣ, ಮೇಲಿನ ಓಣಿಯ ಪಾಟೀಲರ ದೊಡ್ಡಮನೆ ವಾಡೆಯಿಂದ ಸತ್ತ ಆಕಳನ್ನು ಎಳೆದು ತರುತ್ತಿದ್ದ. ಆಕಳ ಕೋಡಿಗೆ ಹಚ್ಚಿದ್ದ ಅರಿಷಿಣ ಇನ್ನೂ ಹಸಿಯಾಗಿತ್ತು.

“ಆಯಿ, ನಾ ಹೋಗಿ ಆ ವಾಡೇದಾಗ ಜೀವಾ ಇರೂ ಕರಾ ಹೊರಗ ತಗೀತೀನಿ. ಆವಾಗ ಕತಿ ಮುಗಸ್ತಿ?”

ದುರಗವ್ವ ನಕ್ಕಿರಲಿಲ್ಲ. ಕೈ ಮುಂದೆ ಚಾಚಿ, “ಮಾತ ಕೊಡು,” ಅಂದಿದ್ದಳು. ಶಾವಂತ್ರಿ ಆ ಒರಟು ಅಂಗೈ ಮೇಲೆ ತನ್ನ ಪುಟ್ಟ ಅಂಗೈ ಬಡಿದು ಮಾತು ಕೊಟ್ಟಿದ್ದಳು.

ಹೀಗೆ ಮಾತು ಕೊಟ್ಟವಳು ಎಷ್ಟೋ ವರ್ಷಗಳ ಮೇಲೆ, ಶ್ರಾವಣದ ಒಂದು ರವಿವಾರ ಮಧ್ಯಾಹ್ನ ಕೆಂಪನಾಳದ ಪಶು ಆಸ್ಪತ್ರೆಯಲ್ಲಿ ಒಂದು ಆಡಿನ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಹೊರಗೆ ಹಲಗೆಯ ಮೇಲೆ ‘ಡಾ. ಶಾವಂತ್ರಿ ಲಗಮಣ್ಣ ಮಾದರ’ ಎಂದು ಬರೆದಿತ್ತು. ಮೇಲಿನ ಓಣಿಯವರು ಆ ಹಲಗೆಯನ್ನು ಹಿಂದಿನಿಂದ ಓದುತ್ತಿದ್ದರು. ಕೊನೆಯ ಶಬ್ದ ಓದಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆಕೆ ಬಂದು ವರ್ಷವಾಗುತ್ತ ಬಂದರೂ ಕೇರಿಯ ಆಡು, ಕುರುಬರ ಕುರಿ, ತೋಟದ ಮನೆಗಳ ನಾಯಿ ಇಷ್ಟೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದವು. ಮೇಲಿನ ಓಣಿಯ ಹಾಲು ಕೊಡುವ ಎಮ್ಮೆಗಳಿಗೆ ಜ್ವರ ಬಂದರೆ ಹೊಳೆಯಾಚೆಯ ಪೇಟೆಯಿಂದ ಡಾಕ್ಟರು ಬರುತ್ತಿದ್ದರು.

ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಾಗಿನ ಮಾತುಗಳು ಕಂಪೌಂಡರ್ ಬಾಬು ನದಾಫನ ಮೂಲಕ ಆಕೆಯ ಕಿವಿಗೆ ಬೀಳುತ್ತಿದ್ದವು. ಬಾಬು ಅವನ್ನು ನಾಟಕದ ಹಾಗೆ ಆಡಿ ತೋರಿಸುತ್ತಿದ್ದ.

“ಒಬ್ಬಾವ ಅಂತಾನ್ರಿ, ‘ಯಾಕೋ, ನಿಮ್ಮ ಎಮ್ಮಿಗೆ ಸರಕಾರಿ ಡಾಕ್ಟರಬಾಯಿನ್ನ ತೋರಸಲಿಲ್ಲ?’ ಇನ್ನೊಬ್ಬಾವ ಅಂತಾನ, ‘ರಿಜರ್ವೇಶನ್ ಡಾಕ್ಟರ ಸೂಜಿ ಚುಚ್ಚಿದ್ರ ಎಮ್ಮೀನೂ ಹಂಗ ಕಲೀತೈತೋ ಮಾರಾಯಾ. ಅರ್ಧಾ ಲೀಟರ್ ಹಾಲ ಕೊಟ್ಟು ಪಾಸ್ ಮಾಡ್ರಿ ಅಂತೈತಿ!’”

ಶಾವಂತ್ರಿಗೆ ನಗು ಬಂದುಬಿಟ್ಟಿತ್ತು. “ನೀ ಏನಂದಿ ಬಾಬಣ್ಣಾ?”

“ನಾ ಅಂದ್ನಿ, ಒಳಗ ಹೋಗೂ ಬಾಗಲಾ ಅಷ್ಟ ಬ್ಯಾರೆ ಇರ್ತೈತ್ರಿ, ಒಳಗ ಹೋದಮ್ಯಾಲ ಪರೀಕ್ಷಾ ಎಲ್ಲಾರ್ಗೂ ಒಂದ. ಅದಕ್ಕವರು, ನೀ ಸುಮ್ನಿರೋ ಸಾಬಾ, ನಿಂಗೇನ ತಿಳೀತೈತಿ ಕೋಟಾದ್ದು ಅಂದ್ರು. ತಿಳೀತೈತ್ರಿ ಅಂದ್ನಿ. ಡೈರಿ ಅಧ್ಯಕ್ಷರ ಅಜ್ಜಾ ಅಧ್ಯಕ್ಷ, ಅಪ್ಪಾ ಅಧ್ಯಕ್ಷ, ಈಗ ತಾವೂ ಅಧ್ಯಕ್ಷ. ಅದು ಯಾ ಕೋಟಾರೀ ಅಂದ್ನಿ. ನನ್ನ ಹಾಲಿಗೆ ಅವತ್ತ ಫ್ಯಾಟ್ ಕಡಿಮಿ ಬಂತ್ರಿ ಮೇಡಂ.”

ನಗೆಮಾತುಗಳನ್ನು ಶಾವಂತ್ರಿ ತಾಳಬಲ್ಲವಳಾಗಿದ್ದಳು. ಕಾಲೇಜಿನಲ್ಲಿ ಹೆಸರಿಗಿಂತ ಮೊದಲು ರ್‍ಯಾಂಕ್ ಕೇಳುತ್ತಿದ್ದವರನ್ನು ಕಂಡವಳು ಆಕೆ. ರ್‍ಯಾಂಕ್ ಹೇಳಿ, ಅವರ ಹುಬ್ಬು ಮೇಲೇರುವುದನ್ನು ನೋಡಿ, ಹಾಸ್ಟೆಲ್ಲಿಗೆ ಬಂದು ದಿಂಬಿನ ಚೀಲವನ್ನೇ ಗರ್ಭಚೀಲ ಎಂದುಕೊಂಡು ಅದರೊಳಗೆ ಕರುವಿನ ಬದಲು ಒದ್ದೆ ಬಟ್ಟೆಯ ಗೊಂಬೆ ತುರುಕುತ್ತಿದ್ದಳು. ಗೆಳತಿ ಚೀಲದ ಬಾಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಚಿ ಹಿಡಿಯಬೇಕು. ಇವಳು ಕಣ್ಣು ಮುಚ್ಚಿ ಕೈಹಾಕಿ ಬರೀ ಬೆರಳಿನಿಂದ ಅದು ಯಾವ ಕಡೆಯ ತಿರುವು, ಗೊಂಬೆಯ ಕಾಲೆಲ್ಲಿ, ತಲೆಯೆಲ್ಲಿ ಎಂದು ಹೇಳಬೇಕು. ಉಳಿದವರು ಸಿನಿಮಾಕ್ಕೆ ಹೋದ ಸಂಜೆಗಳಲ್ಲಿ ಆಕೆ ಹೀಗೆ ಕತ್ತಲನ್ನು ಓದಲು ಕಲಿತಳು. ಕೊನೆಯ ವರ್ಷ ಪ್ರಸೂತಿಯ ಪರೀಕ್ಷೆಯಲ್ಲಿ ಆಕೆಯ ಹೆಸರು ಮೊದಲು ಬಂತು. ಅವತ್ತು ಯಾರೂ ರ್‍ಯಾಂಕ್ ಕೇಳಲಿಲ್ಲ.

ಆದರೆ ಮೇಲಿನ ಓಣಿಯಲ್ಲಿ ನಗೆಮಾತಿಗಿಂತ ಹಳೆಯದೊಂದು ಇತ್ತು. ಅದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಹಗ್ಗದ ಮನೆಯವರು ಕೊಟ್ಟಿಗೆಯಲ್ಲಿ ಕಾಲಿಟ್ಟರೆ, ಬದುಕಿರುವ ದನ ಅವರ ಗುರುತು ಹಿಡಿದು ಜೀವ ಬಿಟ್ಟುಬಿಡುತ್ತದೆ ಎಂಬ ಭಯ ಅದು. ಅದಕ್ಕೆ ಯಾವ ಪರೀಕ್ಷೆಯ ಮಾರ್ಕೂ ತಾಗುತ್ತಿರಲಿಲ್ಲ.

ಆಡಿನ ಪಟ್ಟಿಗೆ ಗಂಟು ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಪ್ಪ.

“ಯವ್ವಾ, ವಾಡೇದಿಂದ ಆಳಮನಶ್ಯಾ ಬಂದಾನ. ಹಗ್ಗಾ ತಗೊಂಡ ಬಾ ಅಂತಾನ.”

“ಇನ್ನ ಮ್ಯಾಲ ಹೋಗಂಗಿಲ್ಲ ಅಂದಿದ್ದೆಲ್ಲಪ್ಪಾ ನೀ?”

“ಅಂದಿದ್ದೆ ಖರೆ. ಆದ್ರ ಇದು ಬ್ಯಾರೆ ಐತಿ.” ಲಗಮಣ್ಣನ ದನಿ ತಗ್ಗಿತು. “ವಾಡೇದ ಹಿರೇ ಅವ್ವಾರ ಚಂದ್ರಿ ಐತೆಲ್ಲಾ, ಎಮ್ಮಿ. ಅದಿನ್ನಾ ಸತ್ತಿಲ್ಲಂತ.”

“ಏನಂದಿ?”

“ನಿನ್ನೀಲಿಂದ ಬ್ಯಾನಿ ತಿನ್ನಾಕತ್ತೇತಂತ, ಈಯಾಕ ಆಗವಲ್ದು. ಸಂಜಿತನಾ ಉಳಿಯಂಗಿಲ್ಲ, ನಾಳಿ ಶ್ರಾವಣ ಸ್ವಾಮಾರ, ಅಷ್ಟರಾಗ ಹಿತ್ತಲಾ ಸ್ವಚ್ಛ ಆಗಬೇಕು, ಈಗ ಬಂದು ಕುಂದ್ರು ಅಂದಾರ. ಜೀವಾ ಇದ್ದಾಗ ನನ್ನ ಯಾರೂ ಕರದಿರಲಿಲ್ಲ ಶಾವಂತ್ರಿ. ಏನ ಮಾಡ್ಲಿ?”

ಶಾವಂತ್ರಿ ಪಟ್ಟಿಯ ಗಂಟು ಬಿಗಿದು ಆಡನ್ನು ಕೆಳಗಿಳಿಸಿದಳು. ಆಮೇಲೆ ಅಂದಳು, “ಹೋಗಪ್ಪಾ. ದಪ್ಪನ್ನ ಹಗ್ಗಾ ತಗೋ. ಕೇರ್‍ಯಾಗ ಮೈಯಾಗ ಶಕ್ತಿ ಇದ್ದವರು ಯಾರ್‍ಯಾರ ಅದಾರ ಅವರ್ನೂ ಕರ್ಕೋ. ನಾನೂ ಬರಾಕತ್ತೀನಿ.”

ಬಾಬು ಆಗಲೇ ಮೋಟಾರ್ ಸೈಕಲ್ಲಿಗೆ ಔಷಧದ ಪೆಟ್ಟಿಗೆ ಕಟ್ಟುತ್ತಿದ್ದ. ವಾಡೆಯ ಎತ್ತರದ ಗೋಡೆ ಕಾಣುತ್ತಲೇ ವೇಗ ತಗ್ಗಿಸಿ, “ಮುಂದಿನ ಬಾಗಲಕ್ಕ ಹೋಗೂಣ್ರಿ ಮೇಡಂ. ನೀವು ಆಫೀಸರ್ ಅದೀರಿ,” ಅಂದ.

“ಎಮ್ಮಿ ಹಿಂದ ಐತಿ ಬಾಬಣ್ಣಾ.”

ಹಿತ್ತಲ ಬಾಗಿಲಿನಾಚೆ ಲಗಮಣ್ಣ ಮತ್ತು ಕೇರಿಯ ಗಂಡಸರು ಮಳೆಯ ಹಸಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ನಡುವೆ ಹಗ್ಗದ ಸಿಂಬಿ, ಮಲಗಿದ ಹಾವಿನ ಹಾಗೆ. ಮಗಳು ದಾಟಿಹೋಗುವಾಗ ಲಗಮಣ್ಣ ಎದ್ದು ನಿಂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಕೊಟ್ಟಿಗೆಯ ಹೊಸ್ತಿಲ ಮೇಲೆ ಪಾಟೀಲರ ಮನೆಯ ಹಿರಿಯಳು ಗುರುಬಸವ್ವ ಕುಳಿತಿದ್ದಳು. ಮುಪ್ಪಿನ ಮೈ, ಅತ್ತು ಅತ್ತು ಕೆಂಪಾದ ಕಣ್ಣು. ಒಳಗೆ ಚಂದ್ರಿ ನೆಲಕ್ಕೊರಗಿತ್ತು, ಹಣೆಗೆ ವಿಭೂತಿ ಬಳಿದಿದ್ದರು. ಒಮ್ಮೆ ಏಳಲು ನೋಡುವುದು, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು, ಮತ್ತೆ ದೊಪ್ಪನೆ ಕುಸಿಯುವುದು.

“ಯಾರದು?” ಗುರುಬಸವ್ವ ಹಣೆಗೆ ಕೈಯಿಟ್ಟು ನೋಡಿದಳು.

“ಲಗಮ್ಯಾನ ಮಗಳ್ರಿ ಅವ್ವಾರ,” ಎಂದ ಆಳು.

“ಹಗ್ಗದವರು ಹೊರಗ ಕುಂದರ್ರಿ. ಇನ್ನಾ ಉಸರೈತಿ ಅದಕ್ಕ.”

“ಉಸರೈತಿ ಅಂತನ ಬಂದೀನ್ರಿ ಅವ್ವಾರ,” ಎಂದಳು ಶಾವಂತ್ರಿ.

ಎಮ್ಮೆಯ ತಲೆಯ ಹತ್ತಿರ ಕುಳಿತಿದ್ದ ಅಪ್ಪಾಸಾಬ ಎದ್ದು ಬಂದ. ಗುರುಬಸವ್ವನ ಮೊಮ್ಮಗ, ದಪ್ಪ ಮೈಯವನು, ಶಾವಂತ್ರಿಯ ಓರಗೆಯವನು. ಇಬ್ಬರೂ ಒಂದೇ ವರ್ಷ, ಒಂದೇ ಕೋಣೆಯಲ್ಲಿ ಕುಳಿತು ಪ್ರವೇಶ ಪರೀಕ್ಷೆ ಬರೆದಿದ್ದರು. ಅವನ ರ್‍ಯಾಂಕ್ ಇವಳದಕ್ಕಿಂತ ಮೇಲಿತ್ತು. ಪಶುವೈದ್ಯದ ಸೀಟು ಇವಳಿಗೆ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಬಿ.ಕಾಂ. ಮುಗಿಸಿ ಬಂದವನು ಊರಲ್ಲಿ ಹಿಂಡಿ ಬೂಸಾದ ಅಂಗಡಿ ಇಟ್ಟ. ಫೋನಿನ ಸ್ಟೇಟಸ್ಸಿನಲ್ಲಿ ತಿಂಗಳಿಗೊಮ್ಮೆಯಾದರೂ ಅವನು ಮೆರಿಟ್ ಬಗ್ಗೆ ಏನಾದರೂ ಹಾಕುತ್ತಿದ್ದ. ಕೆಂಪನಾಳ ಸಣ್ಣ ಊರು; ಅದು ಯಾರಿಗೆ ಹಾಕಿದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು.

“ಪೇಟಿ ಡಾಕ್ಟರು ಬರಾಕಾಗಂಗಿಲ್ಲ, ಹೊಳಿ ತುಂಬಿ ಬ್ರಿಜ್ಜಿನ ಮ್ಯಾಲ ನೀರೈತಿ,” ಎಂದ. ಕಣ್ಣಲ್ಲಿ ನಿದ್ದೆಯಿಲ್ಲ, ಅಂಗಿಯ ತೋಳು ಮೊಣಕೈ ಮೇಲಿನತನಕ ಸೆಗಣಿಯಾಗಿತ್ತು. “ಅವರು ಫೋನ್‌ನ್ಯಾಗ ಹೇಳಿದಂಗ ಸಲೈನ್ ಹಚ್ಚೀನಿ. ಕೈ ಹಾಕಿನೂ ನೋಡೀನಿ. ಗರ್ಭದ ಬಾಯಿ ತಗದಿಲ್ಲ. ಕರಾ ಒಳಗ ಸತ್ತೈತಿ. ಇನ್ನ ನೀ ಏನ ನೋಡ್ತಿ? ನಮ್ಮ ಎಮ್ಮಿ ಮ್ಯಾಲ ಕಲಿಯೂದು ಬ್ಯಾಡ.”

ಮಾತಿನ ಕೊನೆ ಬೇಕೆಂದೇ ಚುಚ್ಚಿದ್ದು. ಬಾಬು ಮುಂದೆ ಸರಿದ. ಶಾವಂತ್ರಿ ಕೈ ಅಡ್ಡ ಹಿಡಿದಳು. ಆಕೆಗೆ ಕಂಡದ್ದು ಬೇರೆ: ಸೆಗಣಿಯಾದ ಆ ತೋಳು. ದುಡ್ಡಿರುವ ಮನೆಯ ಮಗ ರಾತ್ರಿಯೆಲ್ಲ ಎಮ್ಮೆಯ ಹತ್ತಿರ ಕುಳಿತು, ಗೊತ್ತಿದ್ದಷ್ಟನ್ನೂ ಮಾಡಿ, ಗೊತ್ತಿಲ್ಲದ ಕತ್ತಲೆಗೂ ಕೈಹಾಕಿ ನೋಡಿದ್ದ.

“ಬಾಯಿ ಮುಚ್ಚಿತ್ತೋ, ಇಲ್ಲಾ ಹಿಂಡಿದ ಅರಿವಿ ಹಂಗ ಮಡಿಕಿ ಮಡಿಕಿ ಹತ್ತಿತ್ತೋ ಅಣ್ಣಾರ?” ಎಂದು ಕೇಳಿದಳು.

ಅಪ್ಪಾಸಾಬ ತಡವರಿಸಿದ. “…ಮಡಿಕಿ ಮಡಿಕಿ.”

“ಯಾ ಕಡೆ?”

ಅವನು ತನ್ನ ಕೈಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದ. ಆಮೇಲೆ ಹೊಸ್ತಿಲಲ್ಲಿದ್ದ ಗುರುಬಸವ್ವನ ಕಡೆ ನೋಡಿದ.

ಗುರುಬಸವ್ವ ಎರಡೂ ಕೈ ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದಳು. “ನಿಮ್ಮ ಮನಿಯವರು ಬದಕಿದ್ದ ಎಮ್ಮಿ ಮುಟ್ಟಬಾರದವಾ. ಸಿಟ್ಟಿಲೆ ಅನ್ನವಲ್ಲೆ. ನಮ್ಮ ಅತ್ತಿ ಹೇಳಿದ್ದು, ಅವರ ಅತ್ತಿ ಹೇಳಿದ್ದು. ಈ ಚಂದ್ರಿನ್ನ ನಾ ಕರಾ ಇದ್ದಾಗಲಿಂದ ಕೈತುತ್ತ ಹಾಕಿ ಬೆಳಸೀನಿ. ಇದರ ಮ್ಯಾಲ ಅಂಥಾದ್ದು ಬ್ಯಾಡ.”

“ಅವ್ವಾರ,” ಶಾವಂತ್ರಿ ಆಕೆಯ ಮುಂದೆ ಕುಳಿತಳು. ಇಬ್ಬರ ಮುಖಗಳೂ ಒಂದೇ ಎತ್ತರಕ್ಕೆ ಬಂದವು. “ನಮ್ಮಪ್ಪನ್ನ ಕರಸೀರಿ. ಅಂದ್ರ ಸಾವಿಗೆ ನೀವ ಬಾಗಲಾ ತಗದೀರಿ. ಹಗ್ಗಾ ಬಂದು ಹೊರಗ ಕುಂತೈತಿ. ಇನ್ನ ನನ್ನಿಂದ ಹೊಸಾದೇನ ಕೆಡತೈತ್ರಿ? ನಾ ಮುಟ್ಟಿ ಸತ್ರ ಅಪ್ಪಾ ಅದಾನ. ನಾ ಮುಟ್ಟಿ ಉಳದ್ರ ಅಪ್ಪಾ ಬರೀಗೈಲೆ ಮನಿಗೆ ಹೋಗ್ತಾನ.”

ಚಂದ್ರಿ ಉದ್ದಕ್ಕೆ ನರಳಿತು. ಎಮ್ಮೆ ಹಾಗೆ ನರಳಿದರೆ ಮನುಷ್ಯರು ನರಳಿದ ಹಾಗೇ ಕೇಳುತ್ತದೆ. ಗುರುಬಸವ್ವನ ಕೈಗಳು ಚೌಕಟ್ಟಿನಿಂದ ಜಾರಿದವು. ಆಕೆ ಒಳಗೆ ಹೋಗು ಎನ್ನಲಿಲ್ಲ. ಮೊಣಕಾಲು ಮಡಿಚಿ ಒಂದು ಕಡೆಗೆ ಸರಿದಳು, ಅಷ್ಟೇ.

ಶಾವಂತ್ರಿ ಹೊಸ್ತಿಲು ದಾಟಿದಳು. ಸೋಪು ಹಚ್ಚಿದ ಕೈಯನ್ನು ಮೊಣಕೈ ಮೇಲಿನತನಕ ಒಳಗೆ ಬಿಟ್ಟು ಕಣ್ಣು ಮುಚ್ಚಿದಳು. ಬಿಸಿ ಕತ್ತಲು. ಅದೇ ಮಡಿಕೆಗಳು, ಬಲಕ್ಕೆ ಹೊರಳಿ, ಮುಂದಕ್ಕೆ ಹೋಗಿ, ಇಕ್ಕಟ್ಟಾಗಿ. ಬೆರಳುಗಳು ಆ ಇಕ್ಕಟ್ಟಿನಲ್ಲಿ ನುಸುಳಿದವು. ಅಲ್ಲಿ, ತೆಳ್ಳನೆಯ ಪೊರೆಯಾಚೆ, ನುಣುಪಾದ ಗೊರಸಿನ ಒಂದು ತುದಿ. ಆಕೆ ಅದನ್ನು ಚಿವುಟಿದಳು.

ಗೊರಸು ಹಿಂದಕ್ಕೆ ಸರಿಯಿತು.

ಆಕೆ ಕಣ್ಣು ತೆರೆದಳು. ದನಿ ಗಟ್ಟಿಯಾಗಿತ್ತು. “ಕರಾ ಬದಕೇತಿ. ಬಾಯಿ ಮುಚ್ಚಿಲ್ಲ, ಕರುವಿನ ಚೀಲಾ ಬಲಕ್ಕ ತಿರುವಿ ಕುಂತೈತಿ. ಒಳಗಿನ ಚೀಲಾ ನಮಗ ತಿರುಗಸಾಕ ಆಗಂಗಿಲ್ಲ. ಅದಕ ಚೀಲಾ ಒತ್ತಿ ಹಿಡದು ಎಮ್ಮಿನ್ನ ತಿರುಗಸೂಣು. ಉದ್ದಂದು ಹಲಿಗಿ ಬೇಕು. ನೆಲಕ್ಕ ಹಾಸಾಕ ರವದಿ ಬೇಕು. ಅಪ್ಪಾ! ಹಗ್ಗಾ ತಗೊಂಡ ಒಳಗ ಬರ್ರಿ ಎಲ್ಲಾರೂ!”

ಕಬ್ಬಿನ ಒಣಗರಿ, ರವದಿ, ಹೊರೆಗಟ್ಟಲೆ ಹಿತ್ತಲಿಗೆ ಬಂತು. ಹಳೆಯ ಚಕ್ಕಡಿಯ ಉದ್ದ ಹಲಗೆ ಬಂತು. ಎಲ್ಲರೂ ದೂಡಿ ಚಂದ್ರಿಯನ್ನು ರವದಿಯ ಮೇಲೆ ತಂದು ಬಲ ಮಗ್ಗುಲಿಗೆ ಕೆಡವಿದರು. ಲಗಮಣ್ಣ ಹಗ್ಗ ಬಿಚ್ಚುತ್ತಿದ್ದಂತೆ ಗುರುಬಸವ್ವ ಚೀರಿದಳು, “ಆ ಹಗ್ಗಾ ಬ್ಯಾಡೋ! ಸತ್ತದ್ದ ಎಳದ ಹಗ್ಗಾ ಅದು!”

ಎಲ್ಲರ ಕೈ ನಿಂತಿತು. ವಾಡೆಯಲ್ಲಿದ್ದದ್ದು ನೈಲಾನ್ ದಾರ, ಕಾಲು ಕೊಯ್ಯುವಂಥದ್ದು. ಲಗಮಣ್ಣ ಆ ಮನೆಯ ಹಿತ್ತಲಲ್ಲಿ ಜೀವಮಾನದಲ್ಲೇ ಮಾತಾಡಿದವನಲ್ಲ. ಹಗ್ಗವನ್ನು ಎದೆಗವಚಿಕೊಂಡು ಮೆಲ್ಲಗೆ ಅಂದ, “ಅವ್ವಾರ, ಹಗ್ಗಕ್ಕ ಸತ್ತದ್ದು ಯಾವುದು, ಬದಕಿದ್ದು ಯಾವುದು ತಿಳಿಯಂಗಿಲ್ರಿ. ಎಳಿ ಅಂದ್ರ ಎಳೀತೈತಿ. ಸತ್ತದ್ದಕ್ಕ ಅಷ್ಟ ಕಟ್ರಿ ಅಂತ ಹೇಳಿದವರು ನಾವು ನೀವು.”

ಗುರುಬಸವ್ವ ಅವನನ್ನು ನೋಡುತ್ತಲೇ ಇದ್ದಳು. ಆಮೇಲೆ ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡಳು. ಕಾಣದ್ದನ್ನು ಬೇಡ ಎನ್ನುವ ಕಾರಣವಿಲ್ಲವಲ್ಲ.

ಲಗಮಣ್ಣ ಮುಂಗಾಲು ಎರಡನ್ನೂ ಕೂಡಿಸಿ ಬಿಗಿದ. ಹಿಂಗಾಲಿಗೆ ಹಗ್ಗ ಸುತ್ತುವಾಗ ಚಂದ್ರಿ ಝಾಡಿಸಿ ಒದ್ದಿತು. ಏಟು ಅವನ ತೊಡೆಗೆ ಬಿತ್ತು. ಲಗಮಣ್ಣ ಹಿಂದಕ್ಕೆ ಕುಳಿತ. ಎಲ್ಲರೂ ಗಾಬರಿಯಾದರು. ಅವನ ಮುಖದಲ್ಲಿ ನೋವಿರಲಿಲ್ಲ. ಹಲ್ಲಿಲ್ಲದ ಬಾಯಗಲಿಸಿ ಮಗುವಿನ ಹಾಗೆ ಮಗಳನ್ನು ನೋಡುತ್ತಿದ್ದ.

“ಯವ್ವಾ, ಇದು ಒದೀತೈತಿ!”

ಅಷ್ಟು ವರ್ಷ ಅಷ್ಟು ಕಾಲು ಕಟ್ಟಿದವನಿಗೆ ಒಂದು ಕಾಲೂ ತಿರುಗಿ ಒದ್ದಿರಲಿಲ್ಲ.

“ಒದೀತೈತಪ್ಪಾ,” ಎಂದಳು ಶಾವಂತ್ರಿ, ನಗು ತಡೆದು. “ಸೊಲ್ಪ ದೂರ ನಿಂತು ಕಟ್ಟು.” ಆಮೇಲೆ ಸುತ್ತ ನೋಡಿದಳು. “ಹಲಿಗಿ ಮ್ಯಾಲ ಭಾರ ಬೇಕು. ಎಲ್ಲಾರಕಿಂತ ತೂಕ ಯಾರದ?”

ಎಲ್ಲರ ಕಣ್ಣೂ ಒಬ್ಬನ ಕಡೆಗೇ ಹೋಯಿತು. ಬಾಬು ಕೆಮ್ಮಿದ. “ತೂಕದಾಗ ಅಪ್ಪಾಸಾಬರು ಓಪನ್ ಮೆರಿಟ್ರಿ.”

ಕೇರಿಯವರು ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದರು. ಅಪ್ಪಾಸಾಬನ ಮುಖ ಕೆಂಪಾಯಿತು, ಆದರೆ ತುಟಿಯ ಒಂದು ತುದಿ ತಾನಾಗಿ ಎದ್ದಿತು. ಚಪ್ಪಲಿ ಕಳಚಿ ಹಲಗೆ ಹತ್ತಿದ. ಶಾವಂತ್ರಿ ಒಂದು ತುದಿ ನೆಲಕ್ಕೂರಿದ್ದ ಹಲಗೆಯ ಮೇಲಿನ ತುದಿಯನ್ನು ಎಮ್ಮೆಯ ಪಕ್ಕೆಯ ತಗ್ಗಿಗೆ ಸರಿಯಾಗಿ ಕೂರಿಸಿ, ಅವನ ಪಾದ ಹಿಡಿದು ಸ್ವಲ್ಪ ಕೆಳಕ್ಕೆ ಸರಿಸಿದಳು. “ಇಲ್ಲೇ ನಿಂದರ್ರಿ. ಎಮ್ಮಿ ಉರುಳಬೇಕು, ಒಳಗಿನ ಕರಾ ಉರುಳಬಾರದು. ನಿಮ್ಮ ಭಾರ ಹೋತಂದ್ರ ಎಲ್ಲಾ ಹೋತು. ನಾ ಹೇಳೂತನಾ ಇಳೀಬ್ಯಾಡ್ರಿ.”

“ಹೂಂ.”

“ಎಳೀರಿ. ಸಾವಕಾಶ. ಎಲ್ಲಾರೂ ಕೂಡೆ.”

ಒಂದು ಹಗ್ಗ ಕೇರಿಯವರ ಕೈಯಲ್ಲಿ, ಇನ್ನೊಂದು ವಾಡೆಯ ಆಳುಗಳ ಕೈಯಲ್ಲಿ. ಕರಿಯ ಗುಡ್ಡವೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ ಚಂದ್ರಿ ನಿಧಾನಕ್ಕೆ ಉರುಳಿತು. ಕಾಲು ಆಕಾಶಕ್ಕೆ, ಆಮೇಲೆ ಈಚೆಗೆ. ಶಾವಂತ್ರಿ ಕೈಹಾಕಿ ನೋಡಿ ತಲೆಯಾಡಿಸಿದಳು. ಇಲ್ಲ. ಎಮ್ಮೆಯನ್ನು ತಿರುಗಿ ಮೊದಲಿನ ಮಗ್ಗುಲಿಗೆ ತಂದರು. ಮತ್ತೊಮ್ಮೆ ಉರುಳಿಸಿದರು. ಮಡಿಕೆ ಸಡಿಲಾಗಿತ್ತು, ಬಿಚ್ಚಿರಲಿಲ್ಲ. ಚಂದ್ರಿಯ ನಾಲಿಗೆ ಹೊರಬಿತ್ತು. ಗುರುಬಸವ್ವ ಸೆರಗಿನೊಳಗಿಂದಲೇ ಶಿವಶಿವಾ ಎನ್ನುತ್ತಿದ್ದಳು.

“ಎಮ್ಮಿಗೆ ಸೊಲ್ಪ ದಮ್ಮ ತಗೊಳ್ಳಾಕ ಬಿಡ್ರಿ,” ಎಂದಳು ಶಾವಂತ್ರಿ.

ಹಲಗೆಯ ಮೇಲೆ ನಿಂತೇ ಇದ್ದ ಅಪ್ಪಾಸಾಬ, ಯಾರಿಗೂ ಕೇಳದ ಹಾಗೆ ಅಂದ, “ನಾನೂ ಇದನ್ನ ಓದಬೇಕಂತ ಮಾಡಿದ್ದೆ.”

“ಗೊತ್ತೈತ್ರಿ.”

“ನಿಂಗಿಂತ ಮಾರ್ಕ್ಸ್ ಹೆಚ್ಚಿದ್ದು ನಂದು.”

“ಅದೂ ಗೊತ್ತೈತ್ರಿ.” ಆಕೆ ಚಂದ್ರಿಯ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಿದ್ದಳು. “ನೀವು ಓದಿದ್ರ ಚಲೋ ಡಾಕ್ಟರ ಆಗ್ತಿದ್ರಿ. ರಾತ್ರಿಯೆಲ್ಲಾ ಕುಂತವರು ನೀವು. ಸೀಟು ಇನ್ನೂ ಹೆಚ್ಚ ಇರಬೇಕಿತ್ತು, ನಿಮಗೂ ಸಿಗಬೇಕಿತ್ತು. ಆದ್ರ ಅಣ್ಣಾರ, ನಂಗ ಸಿಕ್ಕದ್ದು ನಿಮ್ಮದಾಗಿರಲಿಲ್ಲ. ನಮ್ಮಪ್ಪನ್ನ ಈ ಬಾಗಲದ ಹೊರಗ ಕುಂದ್ರಿಸಿದ್ದಕ್ಕ ಆ ಸೀಟು ಇಷ್ಟು ದಿವಸ ನಮಗ ಸಿಕ್ಕಿರಲಿಲ್ಲ, ಅಷ್ಟ.”

ಅಪ್ಪಾಸಾಬ ಹಲಗೆಯ ಮೇಲೆ ಪಾದ ಗಟ್ಟಿಯಾಗಿ ಊರಿದ. ಚಂದ್ರಿಯ ಹೊಟ್ಟೆ ನೋಡಿ ಕೇಳಿದ, “ಇನ್ನೊಂದಸಲ ಉರುಳಸೂಣೇನು? ನಾ ಸೊಲ್ಪ ಕೆಳಗ ಸರೀಲಿ?”

ಆಕೆ ನೋಡಿದಳು. ಅವನು ಹೇಳಿದ್ದು ಸರಿಯಿತ್ತು. ಹೊಟ್ಟೆ ಸಡಿಲಾದಂತೆ ಕರುವಿನ ಭಾರ ಜಾರಿತ್ತು. “ಸರೀರಿ. ಅಲ್ಲೇ. ಎಳೀರಿ!”

ಚಂದ್ರಿ ಉರುಳಿತು. ಈಚೆ ಮಗ್ಗುಲಿಗೆ ಬೀಳುವ ಮೊದಲೇ ನೀರು ದಡದಡನೆ ಹೊರನುಗ್ಗಿ ರವದಿಯನ್ನು ತೋಯಿಸಿ, ಶಾವಂತ್ರಿಯ ಮಂಡಿ ತೋಯಿಸಿ ಹರಿಯಿತು. ಕೈಹಾಕಿದಳು. ಮಡಿಕೆ ಇರಲಿಲ್ಲ. ದಾರಿ ಇತ್ತು, ಅಗಲವಾಗಿ, ನೇರವಾಗಿ, ಮಳೆ ನಿಂತ ಮೇಲೆ ತೆರೆದ ಓಣಿಯ ಹಾಗೆ.

“ಬಿಚ್ಚಿತು!” ಎಂದಳು. “ಅಪ್ಪಾಸಾಬಣ್ಣಾ, ಇಳೀರಿ. ಇಲ್ಲಿ ಬರ್ರಿ. ಕೈ ತೊಳಕೊಂಡ ಬರ್ರಿ.”

ಗೊರಸುಗಳಿಗೆ ಮೆತ್ತನೆಯ ಪಟ್ಟಿ ಕಟ್ಟಿ ಇಬ್ಬರೂ ಹಿಡಿದರು. ಚಂದ್ರಿ ತಿಣುಕಿದಾಗ ಎಳೆಯುವುದು, ನಿಂತಾಗ ನಿಲ್ಲುವುದು. ಮೊದಲು ಗೊರಸು, ಆಮೇಲೆ ಮೂಗು, ಹೊರಗಿದ್ದ ನೀಲಿ ನಾಲಿಗೆ. ಹೆಗಲ ಹತ್ತಿರ ತಡೆಯಿತು. “ಈಗ ಬ್ಯಾಡ್ರಿ… ಈಗ ಬ್ಯಾಡ್ರಿ… ಈಗ!” ಕರು ಒಮ್ಮೆಲೇ ಜಾರಿ ಇಬ್ಬರ ಮಡಿಲಿಗೂ ಬಿತ್ತು.

ಅದು ಅಲುಗಾಡಲಿಲ್ಲ.

ಶಾವಂತ್ರಿ ಕರುವಿನ ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದಳು. ಅಪ್ಪಾಸಾಬ ಹಿಂಗಾಲು ಹಿಡಿದೆತ್ತಿದ, ಮೂಗಿನಿಂದ ನೀರಿಳಿಯಿತು. ಲಗಮಣ್ಣ ಕೇಳದೆಯೇ ಗೋಣಿಚೀಲ ತಂದು ಕರುವಿನ ಎದೆ ಉಜ್ಜತೊಡಗಿದ, ಉಸಿರು ಬಿಗಿಹಿಡಿದು, ತನ್ನ ಉಸಿರನ್ನೇ ಅದಕ್ಕೆ ಉಳಿಸಿಕೊಡುವವನ ಹಾಗೆ. ಶಾವಂತ್ರಿ ರವದಿಯ ಒಂದು ಎಳೆ ಕಿತ್ತು ಕರುವಿನ ಮೂಗಿನಲ್ಲಿ ಆಡಿಸಿದಳು. ಇಲ್ಲ. ಮತ್ತೊಮ್ಮೆ ಆಡಿಸಿದಳು. “ಬಾರ… ಬಾರ ನನ್ನ ಕೂಸ…”

ಕರು ಸೀನಿತು. ಇಡೀ ಮೈ ನಡುಗುವ ಹಾಗೆ, ಮಳೆಯಲ್ಲಿ ನೆಂದ ಮುದುಕನ ಹಾಗೆ ಸೀನಿ, ಕಿವಿ ಕೊಡವಿತು.

“ಏನಾತು?” ಗುರುಬಸವ್ವ ಸೆರಗಿನೊಳಗಿಂದ ಕೇಳಿದಳು. “ಏನೈತಿ, ಡಾಕ್ಟರಬಾಯಿ? ಹೆಣ್ಣೋ ಗಂಡೋ?”

“ಇನ್ನಾ ನೋಡಿಲ್ರಿ ಅವ್ವಾರ,” ಎಂದಳು ಶಾವಂತ್ರಿ. ಆಕೆಯ ಕೆನ್ನೆ ತೋಯ್ದಿತ್ತು. “ಜೀವಾ ಐತ್ರಿ.”

ಬಾಬು ಚಂದ್ರಿಯ ಕಾಲಿನ ಹಗ್ಗ ಬಿಚ್ಚಿದ. ಕೇರಿಯವರು, ಆಳುಗಳು ಎಲ್ಲ ರವದಿಯ ಮೇಲೇ ಕುಸಿದು ಕುಳಿತು ಒಂದೇ ಕೊಡದ ನೀರು ಬೊಗಸೆಯಲ್ಲಿ ಕುಡಿಯುತ್ತಿದ್ದರು; ಹಾಗೆ ಕುಡಿಯುತ್ತಿದ್ದೇವೆಂದು ಇನ್ನೂ ಯಾರಿಗೂ ಹೊಳೆದಿರಲಿಲ್ಲ. ಲಗಮಣ್ಣ ಎದ್ದು, “ನಾ ಹೋಗಿ ನಿಮ್ಮ ಆಯಿಗ ಹೇಳಿ ಬರ್ತೀನಿ,” ಎಂದವನು ಬಾಗಿಲತನಕ ಹೋಗಿ, ಮತ್ತೆ ತಿರುಗಿ ಬಂದು ಕರುವನ್ನೇ ನೋಡುತ್ತ ನಿಂತ.

ಶಾವಂತ್ರಿ ಕರುವನ್ನು ತಬ್ಬಿ ಎತ್ತಿ, ಚಂದ್ರಿಯ ಮುಖದ ಹತ್ತಿರ ಇಟ್ಟಳು. ಎಮ್ಮೆ ಭಾರವಾದ ತಲೆಯೆತ್ತಿ ಮೂಸಿತು. ಒಳಗೊಳಗೇ ಗುಂಯ್ ಎಂದು ಸದ್ದು ಮಾಡಿತು. ಆಮೇಲೆ ಒರಟು ನಾಲಿಗೆ ಚಾಚಿ ಕರುವಿನ ಹಣೆ ನೆಕ್ಕಿತು, ಕಣ್ಣು ನೆಕ್ಕಿತು, ಕತ್ತು ನೆಕ್ಕಿತು. ಕತ್ತಿನ ಕೆಳಗಿದ್ದ ಶಾವಂತ್ರಿಯ ಒದ್ದೆ ಕೈಯನ್ನು, ಬೆರಳಿನಿಂದ ಮೊಣಕೈತನಕ, ಅದೇ ನಿಧಾನದಲ್ಲಿ ನೆಕ್ಕಿ, ಮತ್ತೆ ಕರುವಿನ ಬೆನ್ನಿಗೆ ಹೋಯಿತು.